ನಡುಕದ ಲೆಕ್ಕ

ಘೋಡಗೇರಿಯ ನಮ್ಮ ಮನೆಯಲ್ಲಿ ಚಳಿಗೆ ಇರುವ ಮದ್ದು ಒಂದೇ: ಕಂಬಳಿ. ಅಣ್ಣನ ಎದೆಯ ದೊಡ್ಡ ರಕ್ತನಾಳ ಉಬ್ಬಿದೆ, ಅದನ್ನು ಸರಿಪಡಿಸಲು ಮೈಯನ್ನು 20 ಡಿಗ್ರಿಯವರೆಗೆ ತಂಪು ಮಾಡಿ ಕೆಲವು ನಿಮಿಷ ರಕ್ತದ ಓಟವನ್ನೇ ನಿಲ್ಲಿಸಬೇಕು ಎಂದು ಡಾಕ್ಟರು ಹೇಳಿದಾಗ ವೈನಿ ಕೇಳಿದ್ದು ಇಷ್ಟೇ: "ತಮ್ಮಾ, ಅಷ್ಟು ಥಂಡಿ ಹತ್ತಿದ್ರ ಅವ್ರು ನಡಗಂಗಿಲ್ಲೇನು?"

ನಾನು ಕನ್ನಡದ ಮಾಸ್ತರ. ಷಟ್ಪದಿಯ ಮಾತ್ರೆ ಎಣಿಸಬಲ್ಲೆನಲ್ಲದೆ ಡಾಕ್ಟರರ ಮಾತ್ರೆ ಅರಿಯೆ. ಅಂಜುತ್ತಲೇ ಆ ಪ್ರಶ್ನೆಯನ್ನು ಅರಿವಳಿಕೆಯ ವೈದ್ಯರ ಮುಂದಿಟ್ಟೆ. ಅವರು ನಗಲಿಲ್ಲ. "ಮೊದಲು ಕೇಳಬೇಕಾದದ್ದೇ ಅದು" ಎಂದರು.

ದೀಪದ ಕುಡಿ ತಗ್ಗಿಸಿದರೆ ಎಣ್ಣೆ ಹೆಚ್ಚು ಹೊತ್ತು ಬರುತ್ತದಷ್ಟೆ. ಹಾಗೆಯೇ ಮೈ 10 ಡಿಗ್ರಿ ತಂಪಾದರೆ ಪ್ರಾಣವಾಯುವಿನ ಖರ್ಚು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆದರೆ ಮೈ ಸುಮ್ಮನೆ ತಂಪಾಗಲು ಒಪ್ಪುವುದಿಲ್ಲ, ನಡುಗುತ್ತದೆ. ನಡುಕವೂ ಒಂದು ದುಡಿಮೆಯೇ. ಆಗ ಖರ್ಚು ಇಳಿಯುವ ಬದಲು ಏರುತ್ತದೆ. ಟೊರಾಂಟೊದ ಬಿಗೆಲೊ ಎಂಬ ಶಸ್ತ್ರವೈದ್ಯರು 1950ರ ಸುಮಾರಿಗೆ ನಾಯಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದ್ದು ಇದನ್ನೇ: ನಡುಕವನ್ನು ಅಡಗಿಸಿದರೆ ತಂಪಿನೊಡನೆ ಖರ್ಚೂ ಇಳಿಯುತ್ತದೆ. 1952ರ ಸೆಪ್ಟೆಂಬರ್ 2ರಂದು ಅಮೆರಿಕದ ಮಿನ್ನೆಸೋಟಾದಲ್ಲಿ ಲೂಯಿಸ್ ಎಂಬವರು 5 ವರ್ಷದ ಹುಡುಗಿಯೊಬ್ಬಳನ್ನು 28 ಡಿಗ್ರಿಗೆ ತಂಪು ಮಾಡಿ, ಐದೂವರೆ ನಿಮಿಷ ಹೃದಯಕ್ಕೆ ರಕ್ತ ಬಾರದಂತೆ ತಡೆದು, ಅದರೊಳಗಿನ ತೂತನ್ನು ಹೊಲಿದರು. ಹುಡುಗಿ ಬದುಕಿದಳು.

"ಹಾಗಾದರೆ ಯಾವ ಮದ್ದು ಮೇಲು?" ಎಂದೆ.

"ಒಂದೊಂದಕ್ಕೆ ಒಂದೊಂದು ಗುಣ. ಕೆಲವು ಮಿದುಳಿನ ಖರ್ಚನ್ನು ತಾವೇ ಚೆನ್ನಾಗಿ ತಗ್ಗಿಸುತ್ತವೆ. ಕೆಲವು ಅಷ್ಟಾಗಿ ತಗ್ಗಿಸುವುದಿಲ್ಲ. ಸ್ನಾಯು ಸಡಿಲಿಸಿ ನಡುಕ ತಡೆಯುವ ಮದ್ದು ಬೇರೆ. ತೀರ ತಂಪಾದ ಮೇಲೆ ಮಿದುಳು ತಾನಾಗಿಯೇ ಮೌನವಾಗುತ್ತದೆ. ಅಲ್ಲಿ ಮದ್ದಿನ ಪಾಲು ಸಣ್ಣದು. ತಂಪಿಗೆ ಇಳಿಯುವಾಗ, ಮತ್ತೆ ಬಿಸುಪಿಗೆ ಏರುವಾಗ ಅದರ ಕೆಲಸ ದೊಡ್ಡದು."

ಇದನ್ನೆಲ್ಲ ವೈನಿಗೆ ವಿವರಿಸಿದೆ. ಅವರು ಸಾರ ಹಿಂಡಿದರು: "ಅಂದ್ರ ನಡಗಾಕ ಬಿಡಂಗಿಲ್ಲ."

ಶಸ್ತ್ರಕ್ರಿಯೆಯ ದಿನ ಹೊರಗಿನ ಬೆಂಚಿನ ಮೇಲೆ ಏಳು ತಾಸು ಕುಳಿತೆವು. ಒಳಗಿದ್ದವನು ನಡುಗಲಿಲ್ಲ; ನಡುಗಿದವರು ನಾವು. ನಮಗೆ ಅರಿವಳಿಕೆ ಕೊಡುವವರು ಯಾರಿದ್ದರು?

ಅಣ್ಣ ಈಗ ಸಂಜೆಯ ಹೊತ್ತು ಕಟ್ಟೆಯ ಮೇಲೆ ಕೂಡುತ್ತಾನೆ. ವೈನಿ ಕಂಬಳಿ ತಂದು ಹೊದಿಸುತ್ತಾರೆ. "ಸೆಕಿ ಆಗ್ತೈತಿ" ಎಂದು ಅವನು ಗೊಣಗುತ್ತಾನೆ.

"ಆಗ್ಲಿ. ಒಮ್ಮೆ ಥಂಡಿ ಆಗಿದ್ದು ಸಾಕು."