ನಾನು ಉಳಿಸಿದ ಮುನ್ನೂರು ರೂಪಾಯಿ

ಉರ್ದುವಿನಲ್ಲಿ ನಾವು ‘ನಲ್’ ಅನ್ನುತ್ತೇವೆ, ಕನ್ನಡದಲ್ಲಿ ‘ನಲ್ಲಿ’. ಹಾಗಾಗಿ ಅಂಗಡಿಯಲ್ಲಿ ನನಗೆ ಭಾಷೆಯ ತೊಂದರೆ ಆಗಲಿಲ್ಲ. ತೊಂದರೆ ಮಾಡಿಕೊಂಡದ್ದು ದುಡ್ಡಿನ ವಿಷಯದಲ್ಲಿ.

ಅದು 2024ರ ಮಾರ್ಚ್, ರಂಜಾನ್ ತಿಂಗಳು. ನನಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬೇರೆ. ಜೆ.ಪಿ. ನಗರದ ನಮ್ಮ ಬೀದಿಯಲ್ಲಿ ಬೋರ್‌ವೆಲ್ ಬತ್ತಿ, ದಿನಾ ಟ್ಯಾಂಕರ್ ಬರುತ್ತಿತ್ತು. ಅಪಾರ್ಟ್‌ಮೆಂಟ್, ಹೋಟೆಲ್, ವಾಣಿಜ್ಯ ಕಟ್ಟಡಗಳ ನಲ್ಲಿಗೆ ಏರೇಟರ್ ಹಾಕಲೇಬೇಕೆಂದು ಜಲಮಂಡಳಿ ಆದೇಶ ಮಾಡಿದ್ದೂ ಆಗಲೇ. ಬಿಡಿ ಮನೆಗಳಿಗೆ ಕಡ್ಡಾಯವಿರಲಿಲ್ಲ. ಆದರೂ ಅಬ್ಬು ವಾಷ್ ಬೇಸಿನ್‌ಗೆ ಒಂದು ಏರೇಟರ್ ತಂದು ಹಾಕಿದರು. ಹಿಂದಿನ ಯುಟಿಲಿಟಿಯಲ್ಲಿ ತೊಟ್ಟಿಕ್ಕುತ್ತಿದ್ದ ಹಳೇ ನಲ್ಲಿ ಬದಲಾಯಿಸಲು ನನ್ನ ಕೈಗೆ ಆರುನೂರು ರೂಪಾಯಿ ಕೊಟ್ಟು, “ಐಎಸ್‌ಐ ಮಾರ್ಕ್ ನೋಡಿ ತಗೋ ಬೇಟಾ” ಅಂದರು.

ಅಂಗಡಿಯವರು ಎರಡು ಇಟ್ಟರು. ಒಂದು ಹಿತ್ತಾಳೆಯದು, ಕೈಗೆ ಭಾರ. ಇನ್ನೊಂದು ಹಗುರ, ಹೊಳಪು ಮಾತ್ರ ಅದಕ್ಕಿಂತ ಜಾಸ್ತಿ, ಬರೀ ಮುನ್ನೂರು, ಬಿಲ್ ಇಲ್ಲ. ಉಳಿದ ಮುನ್ನೂರು ನನ್ನ ಜೇಬಿಗೆ ಹೋಯಿತು. ಕಾಮರ್ಸ್ ತಗೊಳ್ಳುವವನ ಮೊದಲ ಲಾಭ!

ಹತ್ತು ದಿನಕ್ಕೆ ಆ ನಲ್ಲಿಯ ಕುತ್ತಿಗೆ ಮುರಿಯಿತು, ಅದೂ ರಾತ್ರಿ. ಮೂರು ಮನೆಗೆ ಸೇರಿದ ಟ್ಯಾಂಕ್ ಖಾಲಿಯಾಗಿ ಹರಿದುಹೋಯಿತು. ಸಹ್ರಿಗೆ ಎದ್ದರೆ ಹನಿ ನೀರಿಲ್ಲ. ದಾದಿ ವುಝೂಗೆ ಬೇಸಿನ್ ಮುಂದೆ ನಿಂತೇ ಇದ್ದರು. ಕೆಳಗಿನ ಮನೆ ಆಂಟಿ ಸಂಜೆ ಹಿಡಿದಿಟ್ಟಿದ್ದ ಎರಡು ಬಿಂದಿಗೆ ನೀರು ತಂದುಕೊಟ್ಟರು. “ಪಾಪ, ಉಪವಾಸ ಇರೋರು” ಅಂದರು. ಅವರ ಪಾಲಿನ ನೀರನ್ನೂ ನಾನೇ ಚರಂಡಿಗೆ ಕಳಿಸಿದ್ದೆ ಅಂತ ಅವರಿಗೆ ಗೊತ್ತಿರಲಿಲ್ಲ.

ಗೋಡೆಯೊಳಗೆ ಸಿಕ್ಕಿಕೊಂಡ ಥ್ರೆಡ್ ತೆಗೆಯಲು ಪ್ಲಂಬರ್ ನಾನೂರು ತಗೊಂಡರು. ನೋಡುವುದು ಹೇಗೆಂದು ಹೇಳಿಕೊಟ್ಟವರೂ ಅವರೇ. ಐಎಸ್‌ಐ ಚಿಹ್ನೆಯ ಮೇಲೆ ಐಎಸ್ ಸಂಖ್ಯೆ ಇರಬೇಕು, ತಾಮ್ರ ಮಿಶ್ರಲೋಹದ ಫ್ಯಾನ್ಸಿ ನಲ್ಲಿಗಾದರೆ 8931. ಜೊತೆಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ಸಂಖ್ಯೆ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಬರೀ ಚಿಹ್ನೆಯನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಏರೇಟರ್ ಬೇಕಿದ್ದರೆ ನಲ್ಲಿಯ ಬಾಯಲ್ಲಿ ಥ್ರೆಡ್ ಇದೆಯಾ ನೋಡಬೇಕು. ಅಳತೆ ಸಾಮಾನ್ಯವಾಗಿ 22 ಅಥವಾ 24 ಮಿ.ಮೀ. ಇರುತ್ತದೆ. ಹಳೇ ಏರೇಟರನ್ನು ಜೇಬಲ್ಲಿ ಹಾಕಿಕೊಂಡು ಹೋಗುವುದೇ ವಾಸಿ.

ಅಬ್ಬುಗೆ ನಿಜ ಹೇಳಲು ಈದ್‌ವರೆಗೂ ಧೈರ್ಯ ಬರಲಿಲ್ಲ. ಈದಿ ಸಿಕ್ಕ ದಿನ ಅದರಲ್ಲೇ ಮುನ್ನೂರು ಎಣಿಸಿ ಅವರ ಮುಂದಿಟ್ಟೆ. ಅವರು ಬೈಯಲಿಲ್ಲ. “ಆಂಟಿಗೆ ಹೇಳಿದ್ಯಾ?” ಅಂತ ಮಾತ್ರ ಕೇಳಿದರು.

ಶೀರ್ ಖುರ್ಮಾ ಡಬ್ಬಿ ಹಿಡಿದು ಕೆಳಗಿಳಿದೆ. ಆಂಟಿ ಪೂರ್ತಿ ಕೇಳಿಸಿಕೊಂಡು, “ನನ್ನ ಬಿಂದಿಗೆ ಇನ್ನೂ ನಿಮ್ಮನೇಲೇ ಇದೆ, ಅದನ್ನ ಮೊದಲು ತಂದುಕೊಡು” ಅಂದರು.