ಗಾಲಿಯ ಮನೆಯಲ್ಲಿ ಏಳು ದಿನ

ಗೃಹಕೃತ್ಯದ ಭಾರವೆಲ್ಲ ಇಳಿದ ಮೇಲೆ ದಂಪತಿಗಳು ಯಾತ್ರೆಗೆ ಹೊರಡುವುದು ನಮ್ಮಲ್ಲಿ ರೂಢಿ. ನಾವೂ ಕೂಡಲಸಂಗಮ, ಉಳವಿ, ಶ್ರೀಶೈಲಗಳನ್ನು ಕಂಡು ಬಂದವರೇ. ಆದರೆ ಮನೆಯನ್ನೇ ಗಾಲಿಗಳ ಮೇಲಿರಿಸಿಕೊಂಡು ಪರದೇಶದಲ್ಲಿ ಸಂಚರಿಸುವ ಯೋಗ ಒದಗೀತೆಂದು ಎಣಿಸಿರಲಿಲ್ಲ.

ನಮ್ಮ ಮಗನಿರುವುದು ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ. ತಾನಿನ್ನು ಹಿಂದಿರುಗಿ ಬರುವವನಲ್ಲ, ಜಯನಗರದ ಹಳೆಯ ಮನೆಯನ್ನು ಮಾರಿ ಚಿಕ್ಕ ಫ್ಲಾಟೊಂದನ್ನು ಕೊಳ್ಳಿರೆಂದು ಅವನು ಬರೆದಂದಿನಿಂದ ನಮಗೂ ಅವನಿಗೂ ಮಾತು ಕಡಿಮೆಯಾಗಿತ್ತು. ಅದು ನಮ್ಮ ತಂದೆಯವರು ಕಟ್ಟಿಸಿದ ಮನೆ. 2024ರ ಜೂನ್‌ನಲ್ಲಿ ಅವನ ಕರೆಗೆ ಓಗೊಟ್ಟು ಹೋದೆವಾದರೂ ಮನಸ್ಸಿನ ಬಿಗುವು ಸಡಿಲಿರಲಿಲ್ಲ. ಅವನಿಗೆ ರಜೆ ದೊರೆಯದ್ದರಿಂದ ಕ್ಯಾಂಪರ್ ವ್ಯಾನೊಂದನ್ನು ಬಾಡಿಗೆಗೆ ಗೊತ್ತುಮಾಡಿ ನಮ್ಮಿಬ್ಬರನ್ನೇ ಕಳುಹಿಸಿಕೊಟ್ಟನು.

ವ್ಯಾನಿನೊಳಗೆ ಎರಡು ಉರಿಯ ಗ್ಯಾಸ್ ಒಲೆ, ನೀರಿನ ತೊಟ್ಟಿ, ರಾತ್ರಿ ಮಂಚವಾಗುವ ಆಸನ. ಅಲ್ಲಿಯೂ ನಮ್ಮಂತೆಯೇ ಎಡಬದಿಯಲ್ಲಿ ವಾಹನ ನಡೆಸುವುದರಿಂದ ಕಷ್ಟವಾಗಲಿಲ್ಲ. ಮನೆಯವರು ಬೆಳಗ್ಗೆ ಪೂಜೆ ಮುಗಿಸಿ ಉಪ್ಪಿಟ್ಟು ಕೆದಕುವ ವೇಳೆಗೆ ಕಿಟಕಿಯಾಚೆ ಕುರಿಗಳು ಮೇಯುತ್ತಿರುತ್ತಿದ್ದವು. 2003ರ ಕಾಯಿದೆಯೊಂದು ಆ ನಾಡಿನ ಬಹುಪಾಲು ನೆಲದಲ್ಲಿ ಯಾರು ಬೇಕಾದರೂ ಕಾಲ್ನಡಿಗೆಯಲ್ಲಿ ಸಂಚರಿಸುವ ಹಕ್ಕನ್ನು ನೀಡಿದೆ. ವಾಹನಗಳಿಗೆ ಆ ಹಕ್ಕಿಲ್ಲ. ಆದ್ದರಿಂದ ರಾತ್ರಿ ತಂಗಲು ಗೊತ್ತಾದ ತಾಣಗಳನ್ನೇ ಸೇರುತ್ತಿದ್ದೆವು.

ಮೊದಲ ದಿನ ಕ್ಯಾಲಂಡರ್ ಎಂಬ ಊರಿನಲ್ಲಿ ಇಳಿದೆವು. 1800-01ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿ, ನಮ್ಮ ಬೆಳೆ, ಕಸುಬು, ಜನಜೀವನಗಳನ್ನು ದಾಖಲಿಸಿದ ಫ್ರಾನ್ಸಿಸ್ ಬುಕಾನನ್ ಈ ಪ್ರಾಂತದವನು. ಹೈದರಾಲಿ ನೆಡಿಸಿದ ಲಾಲ್‌ಬಾಗನ್ನೂ ಆತ ಕಂಡು ಬರೆದಿದ್ದಾನೆ. 1807ರಲ್ಲಿ ಆ ಪ್ರವಾಸಕಥನ ಮೂರು ಸಂಪುಟಗಳಾಗಿ ಅಚ್ಚಾಯಿತು. 1815ರಲ್ಲಿ ಭಾರತವನ್ನು ಬಿಟ್ಟ ಆತ ತನ್ನ ಕೊನೆಯ ವರ್ಷಗಳನ್ನು ಇಲ್ಲಿನ ಲೆನಿ ಜಹಗೀರಿನಲ್ಲಿ ಕಳೆದು 1829ರಲ್ಲಿ ತೀರಿಕೊಂಡನು. ನಿತ್ಯವೂ ಲಾಲ್‌ಬಾಗಿನಲ್ಲಿ ನಡೆದಾಡುವ ನಾವು ಅವನ ಊರಿನ ಹೊಳೆಯ ದಂಡೆಯಲ್ಲಿ ನಡೆದಾಡಿ ಲೆಕ್ಕ ಸರಿದೂಗಿಸಿದೆವು!

ಮುಂದೆ ಗ್ಲೆಂಕೋ ಕಣಿವೆ. ಬೆಟ್ಟಗಳ ಗಾಂಭೀರ್ಯಕ್ಕೆ ಬೆರಗಾದೆವು. ಅಲ್ಲಿಯ ಕಥೆ ಮಾತ್ರ ದಾರುಣ. 1692ರ ಫೆಬ್ರವರಿಯಲ್ಲಿ ಮ್ಯಾಕ್‌ಡೊನಾಲ್ಡ್ ಕುಲದವರ ಮನೆಗಳಲ್ಲಿ ಸುಮಾರು ಎರಡು ವಾರ ಅತಿಥಿಗಳಾಗಿ ಉಂಡ ಸೈನಿಕರೇ ಒಂದು ನಸುಕಿನಲ್ಲಿ ಅವರನ್ನು ಕೊಂದರು. ಉಂಡ ಮನೆಗೆ ಎರಡು ಬಗೆಯುವುದಕ್ಕಿಂತ ಹಿರಿದಾದ ಪಾತಕವುಂಟೆ? ಬ್ರಿಟನ್ನಿನ ಅತ್ಯುನ್ನತ ಶಿಖರ ಬೆನ್ ನೆವಿಸ್ 1,345 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,900 ಮೀಟರಿಗೂ ಮಿಗಿಲೆಂದು ಮನೆಯವರು ಹೆಮ್ಮೆಪಟ್ಟರು. ಅದರ ಬಳಿಯಲ್ಲಿಯೇ 1822ರಲ್ಲಿ ತೆರೆದ ಕ್ಯಾಲೆಡೋನಿಯನ್ ಕಾಲುವೆಯ ಎಂಟು ಜಲಬಂಧಗಳು ದೋಣಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿಸುವುದನ್ನು ಮಕ್ಕಳಂತೆ ನೋಡುತ್ತ ನಿಂತೆವು.

ಬಡಗಣ ಹಳ್ಳಿಗಳಲ್ಲಿ ರಸ್ತೆ ಒಂದೇ ವಾಹನದಷ್ಟು ಅಗಲ. ಎದುರು ವಾಹನ ಬಂದರೆ ಅಲ್ಲಲ್ಲಿ ಮಾಡಿರುವ ತಂಗುಸ್ಥಳದಲ್ಲಿ ಒಬ್ಬರು ನಿಲ್ಲಬೇಕು, ಮತ್ತೊಬ್ಬರು ಕೈಯೆತ್ತಿ ವಂದಿಸಿ ಸಾಗಬೇಕು. ರಾತ್ರಿ ಹತ್ತಾದರೂ ಸೂರ್ಯ ಮುಳುಗದ ಆ ದಿನಗಳಲ್ಲಿ ಈ ಪುಟ್ಟ ಸೌಜನ್ಯ ನಮಗೆ ಅಭ್ಯಾಸವಾಗಿಬಿಟ್ಟಿತು.

ಐದನೆಯ ದಿನ ಕೇತ್‌ನೆಸ್ ಸೀಮೆಯ ಬ್ಯಾಡ್‌ಬೇ ಎಂಬ ಪಾಳುಹಳ್ಳಿಗೆ ನಡೆದು ಹೋದೆವು. ಕುರಿ ಸಾಕಣೆಗೆಂದು ಜಮೀನ್ದಾರರು ಒಕ್ಕಲೆಬ್ಬಿಸಿದ ಕುಟುಂಬಗಳು ಕಡಲ ಮೇಲಿನ ಈ ಕಡಿದಾದ ಇಳಿಜಾರಿನಲ್ಲಿ ಬದುಕು ಕಟ್ಟಿಕೊಂಡಿದ್ದವು. ಗಾಳಿ ಹೊತ್ತೊಯ್ದು ಪ್ರಪಾತಕ್ಕೆ ಕೆಡವದಿರಲೆಂದು ದನಕರುಗಳನ್ನೂ ಮಕ್ಕಳನ್ನೂ ಹಗ್ಗದಿಂದ ಕಟ್ಟಿಹಾಕುತ್ತಿದ್ದರಂತೆ! ಒಬ್ಬೊಬ್ಬರಾಗಿ ಊರು ತೊರೆದು, 1911ರಲ್ಲಿ ಕೊನೆಯ ನಿವಾಸಿಯೂ ಹೊರಟುಹೋದನು. ಉಳಿದಿರುವುದು ಮುರುಕು ಗೋಡೆಗಳು, ನಡುವೆ ಒಂದು ಕಲ್ಲಿನ ಸ್ಮಾರಕ. ಅದನ್ನು ಕಟ್ಟಿಸಿದವನು ಇಲ್ಲಿಂದ ನ್ಯೂಜಿಲೆಂಡಿಗೆ ಹೋದವನೊಬ್ಬನ ಮಗ.

ಗಾಳಿ ಅಂದೂ ಬಲವಾಗಿಯೇ ಬೀಸುತ್ತಿತ್ತು. ಮನೆಯವರು ಗೋಡೆಯೊಂದರ ಮರೆಯಲ್ಲಿ ಕುಳಿತು, “ಮಗು ನಡೆಯಲು ಕಲಿತ ಮೇಲೂ ಹಗ್ಗ ಬಿಚ್ಚದಿದ್ದರೆ ಹೇಗೆ?” ಎಂದರು. ಅವರು ಯಾವ ಮಗುವನ್ನು ಕುರಿತು ಹೇಳಿದರೆಂದು ನಾವು ಕೇಳಲಿಲ್ಲ. ಒಕ್ಕಲೆದ್ದವರು ಅನಿವಾರ್ಯವಾಗಿ ಹೋದರು. ನಮ್ಮ ಮಗ ನಾವು ಓದಿಸಿದ್ದರಿಂದಲೇ ಹೋದನು. ಹೋಗಲು ಕಲಿಸಿದವರೂ ನಾವೇ, ಹೋದನೆಂದು ಮುನಿದವರೂ ನಾವೇ.

ಏಳನೆಯ ದಿನ ಗ್ಲಾಸ್ಗೋಗೆ ಮರಳಿದೆವು. ಊಟದ ನಂತರ ಮಗನಿಗೆ, “ನೀನು ಇಲ್ಲಿಯೇ ನೆಲೆಸು, ನಮಗೆ ಬೇಸರವಿಲ್ಲ. ಆದರೆ ನಾವಿರುವವರೆಗೆ ಆ ಮನೆ ಇರಲಿ” ಎಂದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, ಹಿತ್ತಿಲಿನ ಸಂಪಿಗೆ ಮರ ಈಗಲೂ ಹೂ ಬಿಡುತ್ತದೆಯೇ ಎಂದು ಕೇಳಿದನು. ಕಿರಿದಾದ ದಾರಿಯಲ್ಲಿ ಒಬ್ಬರು ನಿಂತು ಮತ್ತೊಬ್ಬರಿಗೆ ಎಡೆಕೊಟ್ಟಂತಾಯಿತು.

ಈಗ ನಮ್ಮ ಮನೆಯ ಮಾಳಿಗೆಯಲ್ಲಿ ಹಾವೇರಿ ಕಡೆಯ ಇಬ್ಬರು ವಿದ್ಯಾರ್ಥಿಗಳು ಇದ್ದುಕೊಂಡು ಓದುತ್ತಿದ್ದಾರೆ. ಬಾಡಿಗೆ ಕೇಳಿಲ್ಲ. ಓದಿ ಅವರೂ ಒಂದು ದಿನ ಎಲ್ಲಿಗೋ ಹೋಗುವರು. ಹೋಗಲಿ, ಸಂಪಿಗೆಯ ನೆನಪನ್ನು ಜೊತೆಗೊಯ್ದರೆ ಸಾಕು.