ಅವೆನ್ಯೂ ರಸ್ತೆಯ ಬೆಳ್ಳಿ ತಕ್ಕಡಿ

ಬೆಂಗಳೂರಿನ ಅವೆನ್ಯೂ ರಸ್ತೆಗೆ ಎರಡು ಮುಖ. ಪಾದಚಾರಿ ದಾರಿಯಲ್ಲಿ ಹಳೆಯ ಪಠ್ಯಪುಸ್ತಕಗಳ ರಾಶಿ. ಅದರ ಬೆನ್ನಿಗೇ ಬೆಳ್ಳಿ ಬಂಗಾರದ ಅಂಗಡಿಗಳು. ಕಾಲೇಜು ಶುರುವಾಗುವ ದಿನಗಳಲ್ಲಿ ಮಗಳೊಡನೆ ಬರುವ ತಾಯಿಯ ಕೈಚೀಲದಲ್ಲಿ ಪುಸ್ತಕದ ಪಟ್ಟಿಯ ಜೊತೆಗೆ ಒಮ್ಮೊಮ್ಮೆ ಬಟ್ಟೆಗಂಟೊಂದು ಇರುತ್ತದೆ. ವರಮಹಾಲಕ್ಷ್ಮಿ ಹಬ್ಬದಂದು ಕಳಶದ ಮುಂದಿಟ್ಟು ಪೂಜಿಸುತ್ತಿದ್ದ, ಅಜ್ಜಿಯ ಕಾಲದ ಬೆಳ್ಳಿ ರೂಪಾಯಿಗಳು. ಫೀಸಿಗೆ ಹಣ ಸಾಲದಾದಾಗ ನೆನಪಾಗುವುದು ಅವೇ.

ಮೈಸೂರು ಬ್ಯಾಂಕ್ ವೃತ್ತದಿಂದ ಕೆ.ಆರ್. ಮಾರುಕಟ್ಟೆಯವರೆಗೆ ಚಾಚಿದ ಈ ರಸ್ತೆ ಹಿಂದೆ ದೊಡ್ಡಪೇಟೆ. ಚಿಕ್ಕಪೇಟೆ, ನಗರ್ತಪೇಟೆಗಳು ಪಕ್ಕದಲ್ಲೇ. ಈಗ ಮೆಟ್ರೊ ಇಳಿದು ನಡೆದೇ ಬರಬಹುದು. ಆದರೆ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು, ಮನೆಯಲ್ಲೇ ಮಾಡಬೇಕಾದ ಕೆಲಸವೊಂದಿದೆ: ನಾಣ್ಯಗಳ ಮೇಲಿನ ಇಸವಿ ಓದಿ ಬೇರೆ ಬೇರೆ ಗುಂಪು ಮಾಡುವುದು.

ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ. ಅದೇ ಒಂದು ತೊಲ. ಹಿರಿಯರು 'ರೂಪಾಯಿ ತೂಕ' ಎನ್ನುತ್ತಿದ್ದುದು ಇದನ್ನೇ. 1835ರಿಂದ 1939ರವರೆಗಿನ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ ಸುಮಾರು 10.69 ಗ್ರಾಂ. ಮಹಾಯುದ್ಧದ ಕಾಲದಲ್ಲಿ, 1940ರಿಂದ, ಅದು ಅರ್ಧಕ್ಕೆ ಇಳಿಯಿತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್; ಅಯಸ್ಕಾಂತಕ್ಕೆ ಅಂಟುತ್ತದೆ.

ಮೋಸವಾಗುವುದು ಇಲ್ಲಿಯೇ. ಎಲ್ಲವನ್ನೂ ಒಟ್ಟಿಗೆ ತಟ್ಟೆಗೆ ಸುರಿದು 'ಮಿಶ್ರ ಬೆಳ್ಳಿ ಅಮ್ಮಾ, ಅರ್ಧ ಲೆಕ್ಕ' ಎಂದರೆ ಮಾತು ಪೂರ್ತಿ ಸುಳ್ಳಲ್ಲ, ನಿಜವೂ ಅಲ್ಲ. ಹಳೆಯ ಹತ್ತು, 1940ರ ನಂತರದ ಹತ್ತು ಇದ್ದರೆ ಅವುಗಳಲ್ಲಿ ಒಟ್ಟು 165 ಗ್ರಾಂನಷ್ಟು ಬೆಳ್ಳಿ ಇರುತ್ತದೆ. ಅರ್ಧ ಲೆಕ್ಕದಲ್ಲಿ ಸಿಗುವುದು 117 ಗ್ರಾಂನ ಬೆಲೆ. ಸವೆದ ನಾಣ್ಯಕ್ಕೆ ಒಂದಿಷ್ಟು ಕಳೆಯುವುದು, ಕರಗಿಸುವ ಖರ್ಚು ಮತ್ತು ಲಾಭ ಹಿಡಿಯುವುದು ವ್ಯಾಪಾರದ ಧರ್ಮ. ಆದರೆ ಯಾವುದಕ್ಕೆ ಎಷ್ಟು ಎಂದು ಬಿಡಿಸಿ ಹೇಳಬೇಕು. ಪತ್ರಿಕೆಯ ಚಿನಿವಾರ ಪೇಟೆ ದರ ನೋಡಿಕೊಂಡು ಬಂದ ಹೈಸ್ಕೂಲ್ ಹುಡುಗಿಯೂ ಈ ಲೆಕ್ಕ ಹಾಕಬಲ್ಲಳು.

ಕೆಲವು ನಾಣ್ಯಗಳನ್ನು ಬೆಳ್ಳಿಯ ದರಕ್ಕೆ ಕೊಡಲೇಬಾರದು. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ರಾಜನ ಉಡುಪಿನ ಮೇಲಿನ ಆನೆ ಹಂದಿಯಂತೆ ಕಂಡು ಗಲಾಟೆಯಾಯಿತು. ಸರ್ಕಾರ ಅದನ್ನು ಹಿಂದಕ್ಕೆ ಪಡೆದು 1912ರಲ್ಲಿ ಚಿತ್ರ ತಿದ್ದಿಸಿತು. ಉಳಿದವುಗಳಿಗೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ. 1939ರದೂ ಅಪರೂಪವೇ. ಹುಣಸೆಹಣ್ಣು ಹಾಕಿ ತಿಕ್ಕಿ ಹೊಳೆಯಿಸಿದರೆ ಮಾತ್ರ ಆ ಬೆಲೆ ಹೋಯಿತೆಂದೇ ತಿಳಿಯಬೇಕು. ಹಾಗೆಂದು ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವವರನ್ನು ನಂಬಬಾರದು. ರಿಸರ್ವ್ ಬ್ಯಾಂಕಿನ ಹೆಸರಲ್ಲಿ ನಡೆಯುವ ಇಂಥ ವಂಚನೆಯ ಬಗ್ಗೆ ಆ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು.

ಅಂಗಡಿಯೊಳಗೆ ತಕ್ಕಡಿ ಮಾರುವವರ ಕಣ್ಣಿಗೆ ಕಾಣುವಂತಿರಬೇಕು, ಅದಕ್ಕೆ ಇಲಾಖೆಯ ಮುದ್ರೆ ಬಿದ್ದಿರಬೇಕು, ತೂಕ ಗ್ರಾಂನಲ್ಲೇ ಇರಬೇಕು. ಬೆಲೆ ಒಪ್ಪುವ ಮೊದಲು ನಾಣ್ಯಕ್ಕೆ ಅರ ಹಚ್ಚಲು, ಕತ್ತರಿಸಲು ಬಿಡಬೇಕಿಲ್ಲ. ಮನೆಯ ಹಳೆಯ ಒಡವೆ ಮಾರುವ ಸಾಮಾನ್ಯರಿಗೆ ಜಿಎಸ್‌ಟಿ ಅನ್ವಯಿಸದೆಂದು ಕೇಂದ್ರ ಸರ್ಕಾರ 2017ರಲ್ಲೇ ಸ್ಪಷ್ಟಪಡಿಸಿತ್ತು. ಹದಿನೆಂಟು ತುಂಬದವರು ಮಾಡಿದ ಮಾರಾಟದ ಒಪ್ಪಂದ ಕಾನೂನಿನಲ್ಲಿ ನಿಲ್ಲದು, ಆದ್ದರಿಂದ ಮಕ್ಕಳು ಒಬ್ಬರೇ ಗಂಟು ಹಿಡಿದು ಬರುವಂತಿಲ್ಲ. ಗುರುತಿನ ಚೀಟಿ ಕೇಳಿದರೆ ಸಿಟ್ಟಾಗುವುದು ಬೇಡ. ಕಳವಿನ ಮಾಲಿನ ಭಯ ಅಂಗಡಿಯವರಿಗೂ ಇರುತ್ತದೆ.

ಒಂದು ವಿಷಯ ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಗ್ರಾಹಕರ ಕಾಯ್ದೆ ಕಾಯುವುದು ಕೊಳ್ಳುವವರನ್ನು. ನಾಣ್ಯ ಮಾರಿದ ತಾಯಿ ಅದರ ಕಣ್ಣಿಗೆ ಗ್ರಾಹಕಳಲ್ಲ. ಹಾಗಾಗಿ ತೂಕ, ಶುದ್ಧತೆ, ದರ, ಕಡಿತ ಎಲ್ಲವನ್ನೂ ಬರೆದ ಚೀಟಿಯೇ ಆಕೆಯ ಆಧಾರ. ಅದು ಕೊಡಲು ಹಿಂದೇಟು ಹಾಕಿದರೆ ಗಂಟು ಕಟ್ಟಿಕೊಂಡು ಮುಂದಿನ ಅಂಗಡಿಗೆ ನಡೆಯಬಹುದು. ಈ ಬೀದಿಯಲ್ಲಿ ಅಂಗಡಿಗಳಿಗೇನೂ ಕೊರತೆಯಿಲ್ಲ.

ಎಲ್ಲವನ್ನೂ ಮಾರಿ ಬರಿಗೈಯಲ್ಲಿ ಹೋಗುವವರು ಕಡಿಮೆ. ವಿಕ್ಟೋರಿಯಾ ರಾಣಿಯ ಒಂದೆರಡು ರೂಪಾಯಿ ಗಂಟಿನಲ್ಲೇ ಉಳಿಯುತ್ತವೆ, ಶ್ರಾವಣದ ಕಳಶಕ್ಕೆಂದು. ಉಳಿದ ದುಡ್ಡು ಹಿಡಿದು ತಾಯಿ ಮಗಳು ಪುಸ್ತಕದ ರಾಶಿಯತ್ತ ತಿರುಗುತ್ತಾರೆ.